ಎಸ್‌ಡಿಐ ರೂಟರ್ ಜೋಡಿಸಿದ್ದೇವೆ, ಸೋರ್ಸ್ ಬದಲಿಸಿದಾಗಲೆಲ್ಲ ಚಿತ್ರ ಒಡೆಯುತ್ತಿದೆ

ನೀಲಿಪರದೆ:

ಎಲ್ಲರಿಗೂ ನಮಸ್ಕಾರ. ನಮ್ಮ ಸ್ಟುಡಿಯೋಗೆ ಹೊಸದಾಗಿ 20×20 ಎಸ್‌ಡಿಐ (ಸ್ಟುಡಿಯೋಗಳಲ್ಲಿ ಕೇಬಲ್ ಮೂಲಕ ಡಿಜಿಟಲ್ ವಿಡಿಯೋ ಸಾಗಿಸುವ ಪದ್ಧತಿ) ರೂಟರ್ ಬಂದಿದೆ, 20 ಇನ್‌ಪುಟ್‌ಗಳಲ್ಲಿ ಯಾವುದನ್ನು ಬೇಕಾದರೂ 20 ಔಟ್‌ಪುಟ್‌ಗಳಲ್ಲಿ ಯಾವುದಕ್ಕೆ ಬೇಕಾದರೂ ಕಳಿಸಬಹುದು, 3ಜಿ (ಸೆಕೆಂಡಿಗೆ ಸುಮಾರು 3 ಗಿಗಾಬಿಟ್) ವರೆಗೆ ಸಾಗಿಸುತ್ತದೆ. ಇಲ್ಲಿಯವರೆಗೆ ಪ್ಯಾಚ್ ಪ್ಯಾನೆಲ್‌ನಲ್ಲಿ ಕೇಬಲ್ ಕಿತ್ತು ಹಾಕಿಯೇ ಕೆಲಸ ನಡೆಸುತ್ತಿದ್ದೆವು, ಹಾಗಾಗಿ ರೂಟರ್ ನಮಗೆ ಪೂರ್ತಿ ಹೊಸದು. ಇನ್‌ಪುಟ್‌ಗೆ ನಾಲ್ಕು ಕ್ಯಾಮೆರಾ, ಪ್ಲೇಔಟ್ ಸರ್ವರ್, ಗ್ರಾಫಿಕ್ಸ್ ಮಷೀನು, ಜೊತೆಗೆ ಒಂದು ಲ್ಯಾಪ್‌ಟಾಪ್. ಲ್ಯಾಪ್‌ಟಾಪ್ ಎಚ್‌ಡಿಎಂಐನಿಂದ ಎಸ್‌ಡಿಐ ಮಾಡುವ ಪುಟ್ಟ ಕನ್ವರ್ಟರ್ ಮೂಲಕ ಬರುತ್ತದೆ. ಔಟ್‌ಪುಟ್‌ನಲ್ಲಿ ಸ್ವಿಚರ್ (ಕಾರ್ಯಕ್ರಮ ನಡೆಯುವಾಗ ಚಿತ್ರ ಆಯ್ದು ಕಟ್ ಮಾಡುವ ಯಂತ್ರ), ರೆಕಾರ್ಡರ್, ಮಲ್ಟಿವ್ಯೂವರ್ (ಹಲವು ಚಿತ್ರ ಒಂದೇ ಪರದೆಯಲ್ಲಿ ತೋರಿಸುವಂಥದ್ದು), ಉಳಿದದ್ದೆಲ್ಲ ಮಾನಿಟರ್‌ಗಳು.

ಚಿತ್ರ ಬರುತ್ತಿದೆ, ಅಷ್ಟರಮಟ್ಟಿಗೆ ಖುಷಿ. ಆದರೆ ರೆಕಾರ್ಡರ್‌ಗೆ ಹೋಗುವ ಔಟ್‌ಪುಟ್‌ನಲ್ಲಿ ಕ್ಯಾಮೆರಾ 1ರಿಂದ ಕ್ಯಾಮೆರಾ 3ಕ್ಕೆ ಬದಲಿಸಿದರೆ ಕ್ಷಣಕಾಲ ಚಿತ್ರ ಒಡೆಯುತ್ತದೆ, ಕೆಲವು ಸಲ ರೆಕಾರ್ಡಿಂಗೇ ನಿಂತು ಹೊಸ ಫೈಲ್ ಶುರುವಾಗುತ್ತದೆ. ಆಮೇಲೆ ದೂರದ ಹಾಲ್‌ನಲ್ಲಿರುವ ಮಾನಿಟರ್ 1080ಐ50ಯಲ್ಲಿ (ಪ್ರತಿ ಫ್ರೇಮ್ ಎರಡು ಅರ್ಧ, ಅಂದರೆ ಎರಡು ಫೀಲ್ಡ್ ಆಗಿ, ಸೆಕೆಂಡಿಗೆ 25 ಫ್ರೇಮ್) ಚೆನ್ನಾಗಿದೆ, 1080ಪಿ50 (ಸೆಕೆಂಡಿಗೆ 50 ಪೂರ್ತಿ ಫ್ರೇಮ್) ಕೊಟ್ಟ ತಕ್ಷಣ ಕೈಕೊಡುತ್ತದೆ. ಇನ್ನು ಕಂಟ್ರೋಲ್ ಪ್ಯಾನೆಲ್‌ಗೆ ರೂಟರ್ ಕಾಣಿಸುತ್ತಲೇ ಇಲ್ಲ, ಸದ್ಯಕ್ಕೆ ರೂಟರ್ ಮುಂದಿನ ಬಟನ್ ಒತ್ತಿಯೇ ಬದಲಿಸುತ್ತಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಬಿಎನ್‌ಸಿ75:

ಮೊದಲು ಒಂದು ವಿಷಯ ತಲೆಯಲ್ಲಿ ಕೂತರೆ ಮಿಕ್ಕಿದ್ದು ಸುಲಭ. ರೂಟರ್ ಅಂದರೆ ಸ್ವಿಚರ್ ಅಲ್ಲ. ಬಂದ ಸಿಗ್ನಲನ್ನು ಅದು ಹಾಗೆಯೇ ಹೊರಗೆ ಕಳಿಸುತ್ತದೆ, ಸಿಂಕ್ ಸರಿ ಮಾಡುವುದಿಲ್ಲ, ಫಾರ್ಮ್ಯಾಟ್ ಬದಲಿಸುವುದಿಲ್ಲ. ಕೇಬಲ್‌ನಲ್ಲಿ ಸೊರಗಿದ ಸಿಗ್ನಲನ್ನು ಈಕ್ವಲೈಸ್ ಮಾಡಿ (ಮತ್ತೆ ಗಟ್ಟಿ ಮಾಡಿ), ರೀಕ್ಲಾಕ್ ಮಾಡಿ (ಬಿಟ್‌ಗಳ ಸಮಯ ನೇರ ಮಾಡಿ) ಮುಂದೆ ದಾಟಿಸುವುದಷ್ಟೇ ಅದರ ಕೆಲಸ. ಅಂದರೆ ನಿಮ್ಮ ನಾಲ್ಕು ಕ್ಯಾಮೆರಾ ಒಂದಕ್ಕೊಂದು ಸಿಂಕ್ ಆಗಿಲ್ಲದಿದ್ದರೆ ರೂಟರ್ ಎಷ್ಟೇ ಒಳ್ಳೆಯದಿದ್ದರೂ ಕಟ್ ಮಾಡಿದ ಜಾಗದಲ್ಲಿ ಚಿತ್ರ ಒಡೆದೇ ಒಡೆಯುತ್ತದೆ, ಯಾಕೆಂದರೆ ಒಂದು ಕ್ಯಾಮೆರಾ ಫ್ರೇಮಿನ ಮೇಲ್ಭಾಗದಲ್ಲಿದ್ದಾಗ ಇನ್ನೊಂದು ನಡುವೆ ಎಲ್ಲೋ ಇರುತ್ತದೆ, ಮುಂದಿನ ರೆಕಾರ್ಡರ್‌ಗೆ ಅರ್ಧ ಫ್ರೇಮ್ ಇದರದ್ದು, ಅರ್ಧ ಅದರದ್ದು ಸಿಗುತ್ತದೆ.

ಮಾಡಬೇಕಾದದ್ದು ಇಷ್ಟು. ಒಂದು ಸಿಂಕ್ ಜನರೇಟರ್‌ನಿಂದ ಬ್ಲ್ಯಾಕ್ ಬರ್ಸ್ಟ್ ಅಥವಾ ಟ್ರೈ-ಲೆವೆಲ್ (ಎಲ್ಲ ಸಾಧನಗಳೂ ಒಂದೇ ತಾಳಕ್ಕೆ ನಡೆಯಲು ಕೊಡುವ ರೆಫರೆನ್ಸ್ ಸಿಗ್ನಲ್‌ಗಳಿವು) ತೆಗೆದುಕೊಂಡು ಎಲ್ಲ ಕ್ಯಾಮೆರಾಗಳ ಜೆನ್‌ಲಾಕ್‌ಗೂ (ಆ ತಾಳ ಹಿಡಿಯುವ ಇನ್‌ಪುಟ್) ಕೊಡಿ, ಸರ್ವರ್‌ಗೂ ಗ್ರಾಫಿಕ್ಸ್‌ಗೂ ಕೊಡಿ. ರೂಟರ್ ಹಿಂದೆ ರೆಫರೆನ್ಸ್ ಇನ್ ಅಂತ ಒಂದು ಬಿಎನ್‌ಸಿ (ಕೇಬಲ್ ಸಿಕ್ಕಿಸಿ ತಿರುಗಿಸುವ ದುಂಡು ಕನೆಕ್ಟರ್) ಇರುತ್ತದಲ್ಲ, ಅದಕ್ಕೂ ಅದೇ ಕೊಡಿ. ಜಾಸ್ತಿ ಜನ ಅದನ್ನು ಖಾಲಿ ಬಿಟ್ಟಿರುತ್ತಾರೆ. ರೆಫರೆನ್ಸ್ ಇದ್ದಾಗ ರೂಟರ್ ನೀವು ಬಟನ್ ಒತ್ತಿದ ಕ್ಷಣದಲ್ಲೇ ಬದಲಿಸದೆ ಚಿತ್ರ ಇಲ್ಲದ ಸಾಲು ಬರುವವರೆಗೆ ಕಾಯುತ್ತದೆ. 1080ಐಯಲ್ಲಿ ಅದು 7ನೇ ಸಾಲು, ಎರಡನೇ ಫೀಲ್ಡ್‌ನಲ್ಲಿ 569. ಆ ಜಾಗದಲ್ಲಿ ಬದಲಾದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ರೆಫರೆನ್ಸನ್ನು ಒಂದರಿಂದ ಇನ್ನೊಂದಕ್ಕೆ ಲೂಪ್ ಮಾಡಿದ್ದರೆ ಸಾಲಿನ ಕೊನೆಯ ಸಾಧನದಲ್ಲಿ ಮಾತ್ರ 75 ಓಮ್ ಟರ್ಮಿನೇಟರ್ (ತುದಿ ಮುಚ್ಚುವ ರೆಸಿಸ್ಟರ್) ಇರಲಿ. ಇಲ್ಲದಿದ್ದರೆ ಸಿಂಕ್ ಮಟ್ಟ ಎರಡು ಪಟ್ಟು ಏರುತ್ತದೆ, ಪ್ರತಿಫಲನ ಬೇರೆ. ನಡುವೆ ಎಲ್ಲೋ ಇನ್ನೊಂದು ಟರ್ಮಿನೇಟರ್ ಇದ್ದರೆ ಮಟ್ಟ ಕುಸಿಯುತ್ತದೆ. ಕೆಲವು ಸಾಧನಗಳಲ್ಲಿ ಟರ್ಮಿನೇಶನ್ ಒಳಗೇ ಇರುತ್ತದೆ, ಮೆನುವಿನಲ್ಲಿ ಒಮ್ಮೆ ನೋಡಿ.

ಕೇಬಲ್ ಉದ್ದ ಹೆಚ್ಚುಕಡಿಮೆ ಇದೆ ಅಂತ ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ. 1080ಐ50ಯಲ್ಲಿ ಒಂದು ಸಾಲಿಗೆ ಸುಮಾರು 35.6 ಮೈಕ್ರೋಸೆಕೆಂಡ್. 100 ಮೀಟರ್ ಕೇಬಲ್ ದಾಟಲು ಸಿಗ್ನಲ್‌ಗೆ ಅರ್ಧ ಮೈಕ್ರೋಸೆಕೆಂಡ್ ಕೂಡ ಬೇಕಾಗುವುದಿಲ್ಲ.

ಲ್ಯಾಪ್‌ಟಾಪ್ ಮಾತ್ರ ಬೇರೆ ಕಥೆ, ಅದಕ್ಕೆ ಜೆನ್‌ಲಾಕ್ ಇರುವುದಿಲ್ಲ. ಕನ್ವರ್ಟರ್ ಆದಮೇಲೆ, ರೂಟರ್‌ಗೆ ಹೋಗುವ ಮುಂಚೆ ಒಂದು ಫ್ರೇಮ್ ಸಿಂಕ್ರೊನೈಸರ್ (ಬಂದ ಫ್ರೇಮನ್ನು ಹಿಡಿದಿಟ್ಟು ರೆಫರೆನ್ಸ್ ತಾಳಕ್ಕೆ ಬಿಡುವ ಸಾಧನ) ಹಾಕಿ, ಇಲ್ಲವೇ ಅದನ್ನು ಸ್ವಿಚರ್‌ಗೆ ಮಾತ್ರ ಕೊಡಿ. ಈಗಿನ ಬಹಳಷ್ಟು ಸ್ವಿಚರ್‌ಗಳಲ್ಲಿ ಪ್ರತಿ ಇನ್‌ಪುಟ್‌ಗೂ ಫ್ರೇಮ್ ಸಿಂಕ್ ಒಳಗೇ ಇರುತ್ತದೆ. ಫ್ರೇಮ್ ಸಿಂಕ್ ಒಂದು ಫ್ರೇಮ್ ತಡ ಮಾಡಬಹುದು, ಅಂದರೆ 1080ಐ50ಯಲ್ಲಿ 40 ಮಿಲಿಸೆಕೆಂಡ್. ಆ ಚಿತ್ರದ ಆಡಿಯೋ ಬೇರೆ ದಾರಿಯಲ್ಲಿ ಬರುತ್ತಿದ್ದರೆ ಅದಕ್ಕೂ ಅಷ್ಟೇ ಡಿಲೇ ಕೊಡಿ.

ತಂತಿಜಾಡು:

ಮಾನಿಟರ್ ವಿಷಯಕ್ಕೆ ಬರುತ್ತೇನೆ. 1080ಐ50 ಅಂದರೆ ಎಚ್‌ಡಿ-ಎಸ್‌ಡಿಐ, ಸೆಕೆಂಡಿಗೆ 1.485 ಗಿಗಾಬಿಟ್. 1080ಪಿ50 ಅಂದರೆ 3ಜಿ, 2.97 ಗಿಗಾಬಿಟ್. ವೇಗ ಎರಡು ಪಟ್ಟು ಆದಾಗ ಅದೇ ಕೇಬಲ್ ಅಷ್ಟು ದೂರ ಎಳೆಯುವುದಿಲ್ಲ. ಒಳ್ಳೆಯ ಆರ್‌ಜಿ6 ದರ್ಜೆಯ (ಸ್ವಲ್ಪ ದಪ್ಪನೆಯ 75 ಓಮ್) ಕೋಆಕ್ಸಿಯಲ್ ಕೇಬಲ್‌ನಲ್ಲಿ ಎಚ್‌ಡಿ ಸುಮಾರು 100 ಮೀಟರ್ ಹೋದರೆ 3ಜಿಗೆ 70ರ ಆಸುಪಾಸು ಅಂದುಕೊಳ್ಳಿ, ತೆಳು ಕೇಬಲ್ ಆದರೆ ಇನ್ನೂ ಕಡಿಮೆ. ರೂಟರ್ ರೀಕ್ಲಾಕ್ ಮಾಡುವುದರಿಂದ ಈ ಲೆಕ್ಕ ರೂಟರ್ ಔಟ್‌ಪುಟ್‌ನಿಂದ ಹೊಸದಾಗಿ ಶುರುವಾಗುತ್ತದೆ, ಕ್ಯಾಮೆರಾದಿಂದ ಅಲ್ಲ.

ಈಗ ಹೇಳಿ, ಕೈಕೊಡುತ್ತದೆ ಅಂದರೆ ಏನಾಗುತ್ತದೆ? ಚಿತ್ರದ ಮೇಲೆ ಮಿನುಗುವ ಚುಕ್ಕೆಗಳು ಬರುತ್ತವೆಯೋ, ಪೂರ್ತಿ ಕಪ್ಪಾಗುತ್ತದೆಯೋ? ಚುಕ್ಕೆ ಬಂದರೆ ಕೇಬಲ್ ಅಥವಾ ಕನೆಕ್ಟರ್. ಎಸ್‌ಡಿಐ ಸ್ವಲ್ಪ ಸ್ವಲ್ಪವಾಗಿ ಹಾಳಾಗುವುದಿಲ್ಲ, ಚುಕ್ಕೆ ಶುರುವಾಯಿತು ಅಂದರೆ ಅಂಚಿಗೆ ಬಂದಿದೆ, ಇನ್ನು ಕೆಲವೇ ಮೀಟರ್ ಜಾಸ್ತಿಯಾದರೆ ಚಿತ್ರವೇ ಇರುವುದಿಲ್ಲ. ಚುಕ್ಕೆ ಏನೂ ಇಲ್ಲದೆ ನೇರವಾಗಿ ಕಪ್ಪಾದರೆ ಮಾನಿಟರ್‌ಗೆ 3ಜಿಯೇ ಗೊತ್ತಿಲ್ಲದೆ ಇರಬಹುದು, ಅಥವಾ ಸೋರ್ಸ್ ಲೆವೆಲ್ ಬಿ ಕಳಿಸುತ್ತಿದ್ದು ಮಾನಿಟರ್ ಲೆವೆಲ್ ಎ ಮಾತ್ರ ತೆಗೆದುಕೊಳ್ಳುತ್ತಿರಬಹುದು (3ಜಿಯಲ್ಲಿ ಚಿತ್ರ ಜೋಡಿಸುವ ಎರಡು ಬಗೆಗಳಿವು). ರೂಟರ್ ಇದನ್ನು ಬದಲಿಸುವುದಿಲ್ಲ, ಕ್ಯಾಮೆರಾದ ಔಟ್‌ಪುಟ್ ಮೆನುವಿನಲ್ಲಿ ಬದಲಿಸಬೇಕು. ಮಾನಿಟರನ್ನು ರ‍್ಯಾಕ್ ಹತ್ತಿರ ತಂದು ಅದೇ ಔಟ್‌ಪುಟ್‌ಗೆ ಗಿಡ್ಡ ಕೇಬಲ್ ಹಾಕಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ನೀಲಿಪರದೆ:

ಧನ್ಯವಾದ. ಬರುವುದು ಚುಕ್ಕೆಗಳೇ, ನಡುನಡುವೆ ಕಪ್ಪಾಗಿ ಮತ್ತೆ ಬರುತ್ತದೆ. ಗಿಡ್ಡ ಕೇಬಲ್‌ನಲ್ಲಿ ಅದೇ ಮಾನಿಟರ್ 1080ಪಿ50ಯಲ್ಲೂ ಸರಿಯಾಗಿದೆ. ಹಾಲ್‌ಗೆ ಎಳೆದದ್ದು ಅಂದಾಜು 45 ಮೀಟರ್, ಕೇಬಲ್ ಮೇಲೆ ಆರ್‌ಜಿ6 ಅಂತಲೇ ಇದೆ, ನಡುವೆ ಗೋಡೆ ಪ್ಲೇಟ್‌ನಲ್ಲಿ ಒಂದು ಜಾಯಿಂಟ್ ಇದೆ.

ತಂತಿಜಾಡು:

45 ಮೀಟರ್‌ಗೆ ಆರ್‌ಜಿ6 ಸೋಲಬಾರದು. ನನ್ನ ಅನುಮಾನ ಆ ಗೋಡೆ ಪ್ಲೇಟ್ ಮೇಲೆ. ಅದನ್ನು ಬಿಚ್ಚಿ ಬಿಎನ್‌ಸಿ ಬಾಯಿಗೆ ಟಾರ್ಚ್ ಹಿಡಿದು ನೋಡಿ. ನಡುವಿನ ಪಿನ್ ಸುತ್ತ ದಪ್ಪ ಬಿಳಿ ಪ್ಲಾಸ್ಟಿಕ್ ತುಂಬಿಕೊಂಡಿದ್ದರೆ ಅದು 50 ಓಮ್‌ನದ್ದು ಇರುವ ಸಾಧ್ಯತೆ ಜಾಸ್ತಿ. 75 ಓಮ್‌ನದ್ದರಲ್ಲಿ ಪಿನ್ ಸುತ್ತ ಹೆಚ್ಚಾಗಿ ಖಾಲಿ ಜಾಗ ಕಾಣುತ್ತದೆ. ಎರಡೂ ಒಂದಕ್ಕೊಂದು ಆರಾಮಾಗಿ ಕೂರುತ್ತವೆ, ಅದೇ ಸಮಸ್ಯೆ. ಎಚ್‌ಡಿಯಲ್ಲಿ ನಡೆದುಹೋಗುತ್ತದೆ, 3ಜಿಯಲ್ಲಿ ಬಣ್ಣ ಬಯಲಾಗುತ್ತದೆ.

ಹಾಗೆಯೇ ಎರಡೂ ತುದಿಯ ಕ್ರಿಂಪ್ ನೋಡಿ. ಹೊರ ಜಾಲರಿಯ ಒಂದೇ ಒಂದು ಎಳೆ ಒಳಗೆ ಬಾಗಿ ನಡುವಿನ ಪಿನ್ ಹತ್ತಿರ ಕೂತಿದ್ದರೂ ಸಾಕು ತೊಂದರೆ ಕೊಡಲು. ಕೇಬಲ್ ಟೈ ಬಿಗಿದು ಚಪ್ಪಟೆ ಮಾಡಿರುವ ಜಾಗ, ಮೂಲೆಯಲ್ಲಿ ಮುರುಕು ಬಿದ್ದ ಜಾಗ ಇದ್ದರೆ ಅದನ್ನೂ ಬಿಡಬೇಡಿ.

ಪಿಸಿಆರ್‌ಮೂಲೆ:

ಕಂಟ್ರೋಲ್ ಪ್ಯಾನೆಲ್ ಬಗ್ಗೆ ಯಾರೂ ಹೇಳಿಲ್ಲ. ರೂಟರ್, ಪ್ಯಾನೆಲ್, ಕಂಪ್ಯೂಟರ್ ಮೂರೂ ಒಂದೇ ಸಬ್‌ನೆಟ್‌ನಲ್ಲಿ (ನೆಟ್‌ವರ್ಕ್‌ನ ಒಂದೇ ವಿಳಾಸ ಗುಂಪಿನಲ್ಲಿ) ಇರಬೇಕು. ರೂಟರ್ 192.168.10.50 ಆದರೆ ಪ್ಯಾನೆಲ್ 192.168.10.51, ಮಾಸ್ಕ್ ಎರಡಕ್ಕೂ 255.255.255.0. ಡಿಎಚ್‌ಸಿಪಿ (ವಿಳಾಸ ತಾನಾಗಿ ಹಂಚುವ ವ್ಯವಸ್ಥೆ) ಬೇಡ, ವಿಳಾಸ ಕೈಯಾರೆ ಕೊಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ದಿನ ರೂಟರ್ ವಿಳಾಸ ಬದಲಾಗಿ ಪ್ಯಾನೆಲ್ ಸುಮ್ನೆ ಕೂತಿರುತ್ತದೆ. ಮೊದಲು ಕಂಪ್ಯೂಟರ್‌ನಿಂದ ಪಿಂಗ್ ಮಾಡಿ (ಆ ವಿಳಾಸದಿಂದ ಉತ್ತರ ಬರುತ್ತದೆಯೇ ನೋಡುವ ಆದೇಶ). ಪಿಂಗ್ ಬಂದೂ ಪ್ಯಾನೆಲ್ ಕೆಲಸ ಮಾಡದಿದ್ದರೆ ಪ್ಯಾನೆಲ್‌ನ ಸೆಟಪ್‌ನಲ್ಲಿ ರೂಟರ್‌ನ ವಿಳಾಸ ಹಾಕಿದ್ದೀರಾ ನೋಡಿ, ಪ್ಯಾನೆಲ್‌ಗೆ ಅದರದ್ದೇ ವಿಳಾಸ ಕೊಟ್ಟರೆ ಸಾಲದು.

ನಿಮ್ಮದು ಬ್ಲ್ಯಾಕ್‌ಮ್ಯಾಜಿಕ್ ವಿಡಿಯೋಹಬ್ ಆಗಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಕಂಪ್ಯೂಟರ್‌ನಿಂದ ಅದರ 9990 ಪೋರ್ಟ್‌ಗೆ ಟೆಲ್‌ನೆಟ್ (ಬರಹದ ಮೂಲಕ ಸಾಧನದ ಜೊತೆ ಮಾತಾಡುವ ಸಂಪರ್ಕ) ಮಾಡಿ. ಸಂಪರ್ಕ ಸಿಕ್ಕ ಕೂಡಲೇ ಲೇಬಲ್‌ಗಳು, ಲಾಕ್‌ಗಳು, ಯಾವ ಔಟ್‌ಪುಟ್‌ಗೆ ಯಾವ ಇನ್‌ಪುಟ್ ಅನ್ನುವುದೆಲ್ಲ ಬರಹದಲ್ಲಿ ಸುರಿಯುತ್ತದೆ. ಅಲ್ಲಿ ಎಣಿಕೆ 0ಯಿಂದ ಶುರು, ಹಾಗಾಗಿ ಔಟ್‌ಪುಟ್ 1 ಅಲ್ಲಿ 0 ಆಗಿರುತ್ತದೆ. ಮುಂದೆ ಸ್ಕ್ರಿಪ್ಟ್ ಬರೆಯುವುದಾದರೆ ಇದು ನೆನಪಿರಲಿ. ಆದೇಶದ ಕೊನೆಯಲ್ಲಿ ಒಂದು ಖಾಲಿ ಸಾಲು ಕೊಡದಿದ್ದರೆ ಅದು ಕಾಯುತ್ತಲೇ ಇರುತ್ತದೆ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ರೆಕಾರ್ಡರ್‌ನ ಔಟ್‌ಪುಟ್ಟನ್ನು ಲಾಕ್ ಮಾಡಿ. ಮೇಲೆ ಹೇಳಿದ ಹಾಗೆ ಎಲ್ಲ ಸಿಂಕ್ ಆದಮೇಲೂ ರೆಕಾರ್ಡಿಂಗ್ ನಡುವೆ ರೂಟರ್‌ನಲ್ಲಿ ಕಟ್ ಮಾಡುವುದು ಬೇಡ. ಕಟ್ ಮಾಡುವ ಕೆಲಸ ಸ್ವಿಚರ್‌ದು, ಅದರ ಪ್ರೋಗ್ರಾಂ ಔಟನ್ನು ರೂಟರ್‌ಗೆ ವಾಪಸ್ ತಂದು ರೆಕಾರ್ಡರ್‌ಗೆ ಕೊಡಿ. ಲೈವ್ ನಡೆಯುವಾಗ ಯಾರೋ ಅವಸರದಲ್ಲಿ ತಪ್ಪು ಡೆಸ್ಟಿನೇಶನ್ ಬಟನ್ ಒತ್ತುವುದು ಇದ್ದದ್ದೇ, ಲಾಕ್ ಇದ್ದರೆ ಪ್ಯಾನೆಲ್ ಒಪ್ಪುವುದಿಲ್ಲ. ಲೇಬಲ್‌ನಲ್ಲಿ ಇನ್‌ಪುಟ್ 7 ಅಂತ ಬಿಡದೆ ‘ಕ್ಯಾಮ್ 3’, ‘ಸರ್ವರ್ ಎ’ ಅಂತ ಬರೆಯಿರಿ, ಕೇಬಲ್‌ನ ಎರಡೂ ತುದಿಗೆ ಅದೇ ಹೆಸರು ಅಂಟಿಸಿ.

ನೀಲಿಪರದೆ:

ಗೋಡೆ ಪ್ಲೇಟ್ ಬಿಚ್ಚಿ ನೋಡಿದೆವು, ಒಳಗೆ ದಪ್ಪ ಬಿಳಿ ಪ್ಲಾಸ್ಟಿಕ್ಕೇ. 75 ಓಮ್‌ನದ್ದು ಹಾಕಿದ ಮೇಲೆ 1080ಪಿ50 ನಿಂತಿದೆ, ಚುಕ್ಕೆ ಇಲ್ಲ. ಪ್ಯಾನೆಲ್ ಕೂಡ ಬಂತು. ಕ್ಯಾಮೆರಾಗಳಿಗೂ ರೂಟರ್‌ಗೂ ರೆಫರೆನ್ಸ್ ಕೊಟ್ಟಿದ್ದೇವೆ, ಈಗ ಕಟ್ ನೀಟಾಗಿದೆ. ಉಳಿದದ್ದು ಲ್ಯಾಪ್‌ಟಾಪ್. ಪವರ್‌ಪಾಯಿಂಟ್ ಬರುತ್ತದೆ, ಆದರೆ ಸ್ಟ್ರೀಮಿಂಗ್ ಆ್ಯಪ್‌ನಿಂದ ವಿಡಿಯೋ ಹಾಕಿದರೆ ಎಸ್‌ಡಿಐ ಕಡೆ ಪೂರ್ತಿ ಕಪ್ಪು. ಇದೂ ಸಿಂಕ್‌ನಿಂದಲೇನಾ?

ಬಿಎನ್‌ಸಿ75:

ಅಲ್ಲ, ಅದು ಎಚ್‌ಡಿಸಿಪಿ. ಆ ವಿಡಿಯೋಗೆ ಕಾಪಿ ರಕ್ಷಣೆ ಇದೆ, ಎಸ್‌ಡಿಐನಲ್ಲಿ ಅದನ್ನು ಸಾಗಿಸುವ ವ್ಯವಸ್ಥೆ ಇಲ್ಲ, ಹಾಗಾಗಿ ಕನ್ವರ್ಟರ್ ಚಿತ್ರವನ್ನೇ ತಡೆಯುತ್ತದೆ. ರೂಟರ್‌ನಲ್ಲಿ ಏನು ಮಾಡಿದರೂ ಬರುವುದಿಲ್ಲ. ತೋರಿಸಲು ಅನುಮತಿ ಇರುವ ವಿಡಿಯೋ ಆದರೆ ಫೈಲನ್ನೇ ತರಿಸಿಕೊಂಡು ಸರ್ವರ್‌ನಿಂದ ಪ್ಲೇ ಮಾಡಿ. ಸರ್ವರ್ ಹೇಗೂ ಜೆನ್‌ಲಾಕ್ ಆಗಿದೆ, ಲ್ಯಾಪ್‌ಟಾಪ್‌ನಿಂದ ಹಾಕುವುದಕ್ಕಿಂತ ಅದೇ ಚೆನ್ನಾಗಿ ಬರುತ್ತದೆ.