ಕಾರವಾರಕ್ಕೆ ವರ್ಗವಾಗಿ ಬಂದಿದ್ದೇನೆ, ನಿಜವಾದ ಬಂಡೆ ಹತ್ತೋದನ್ನು ಎಲ್ಲಿಂದ ಶುರು ಮಾಡಲಿ?

ಕೋಡಿಬಾಗದ ಹೊಸಬಳು:

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಕೆಲಸ, ಬೆಂಗಳೂರಿನಿಂದ ಕಾರವಾರಕ್ಕೆ ವರ್ಗ ಆಯಿತು. ಮಳೆ ಹಿಡಿಯುವ ಸ್ವಲ್ಪ ಮುಂಚೆ ಬಂದೆ. ಮನೆ ಕೋಡಿಬಾಗದಲ್ಲಿ. ಊರು ತುಂಬಾ ಇಷ್ಟವಾಗಿದೆ. ಕಾಳಿ ನದಿ, ಸಮುದ್ರದ ತನಕ ಇಳಿದು ಬರುವ ಗುಡ್ಡ, ಎಲ್ಲವೂ. ಆದರೆ ಒಂದು ವಿಷಯಕ್ಕೆ ಮನಸ್ಸು ಒದ್ದಾಡುತ್ತಿದೆ.

ಬೆಂಗಳೂರಿನಲ್ಲಿ ಕ್ಲೈಂಬಿಂಗ್ ಜಿಮ್‌ಗೆ ಹೋಗುತ್ತಿದ್ದೆ. ಬಿಲೇ ಮಾಡಲು (ಹತ್ತುವವರ ಹಗ್ಗವನ್ನು ಕೆಳಗಿನಿಂದ ಹಿಡಿದು ಕಾಯುವುದು) ಬರುತ್ತದೆ. ಟಾಪ್‌ರೋಪ್‌ನಲ್ಲಿ, ಅಂದರೆ ಹಗ್ಗ ಮೊದಲೇ ಮೇಲಿನಿಂದ ಹಾಕಿದ್ದಾಗ, ಧೈರ್ಯ ಇದೆ. ಲೀಡ್ ಮಾಡುವುದನ್ನೂ (ಹಗ್ಗವನ್ನು ಕೆಳಗಿನಿಂದ ಒಯ್ದು ಕೊಕ್ಕೆಗಳಿಗೆ ಹಾಕುತ್ತಾ ಹತ್ತುವುದು) ಗೋಡೆಯ ಮೇಲೆ ಕಲಿತಿದ್ದೇನೆ, 6ಎ ಗ್ರೇಡಿನ (ಕಷ್ಟದ ಮಟ್ಟ) ತನಕ ಹತ್ತುತ್ತೇನೆ. ಆದರೆ ನಿಜವಾದ ಬಂಡೆಯನ್ನು ಇನ್ನೂ ಮುಟ್ಟಿಲ್ಲ. ಈ ಚಳಿಗಾಲದಲ್ಲಿ ಹೊರಗೆ ಸ್ಪೋರ್ಟ್ ಕ್ಲೈಂಬಿಂಗ್ (ಬಂಡೆಗೆ ಮೊದಲೇ ಕೂರಿಸಿದ ಬೋಲ್ಟ್‌ಗಳಿಗೆ ಹಗ್ಗ ಹಾಕುತ್ತಾ ಹತ್ತುವುದು) ಶುರು ಮಾಡಲೇಬೇಕು ಅಂತ ತೀರ್ಮಾನಿಸಿದ್ದೇನೆ.

ಆಫೀಸಿನಲ್ಲಿ ಹೇಳಿದರೆ "ಚಿತ್ರದುರ್ಗದ ಕೋತಿರಾಜ್ ತರಹ ಹಗ್ಗ ಇಲ್ಲದೆನಾ?" ಎಂದು ಕೇಳುತ್ತಾರೆ. ಇಲ್ಲ, ಹಗ್ಗ ಕಟ್ಟಿಕೊಂಡೇ. ಒಬ್ಬರು ಯಾಣಕ್ಕೆ ಹೋಗಿ ಅಂದರು. ಇನ್ನೊಬ್ಬರು ಸಮುದ್ರದ ದಂಡೆಯಲ್ಲೇ ಇಷ್ಟು ಬಂಡೆ ಇದೆಯಲ್ಲ, ಬೈತಖೋಲದ ಮೀನುಗಾರಿಕೆ ಬಂದರಿನಲ್ಲಿ ಗಟ್ಟಿ ಹಗ್ಗ ಸಿಗುತ್ತದೆ, ಶುರು ಮಾಡಿ ಅಂದರು. ಹತ್ತಿರದಲ್ಲಿ ಬೋಲ್ಟ್ ಹಾಕಿದ ಬಂಡೆ ಇದೆಯಾ? ಜೊತೆಗೆ ಹತ್ತುವವರು ಸಿಗುತ್ತಾರಾ? ಸಾಮಾನಿನಲ್ಲಿ ಮೊದಲು ಏನು ತಗೊಳ್ಳಲಿ? ಸಂಬಳದಲ್ಲಿ ಒಂದೊಂದಾಗಿ ತಗೋಬೇಕು.

---

ಶಿರಸಿ ಕಡೆಯವ:

ಮೊದಲಿಗೆ ಹಗ್ಗದ ವಿಷಯ, ಯಾಕೆಂದರೆ ಓದಿದ ಕೂಡಲೇ ಹೆದರಿಕೆ ಆಯಿತು. ಬೈತಖೋಲದ ಹಗ್ಗ ದೋಣಿಗೆ, ಬಲೆಗೆ. ಎಷ್ಟು ದಪ್ಪ ಇದ್ದರೂ ಅದರಲ್ಲಿ ಹತ್ತಬೇಡಿ. ಅದು ಹಿಗ್ಗುವುದಿಲ್ಲ. ಬಿದ್ದಾಗ ಆ ಜಗ್ಗು ಪೂರ್ತಿ ನಿಮ್ಮ ಸೊಂಟಕ್ಕೆ, ಮೇಲಿನ ಬೋಲ್ಟಿಗೆ ಬರುತ್ತದೆ. ಕ್ಲೈಂಬಿಂಗ್‌ಗೆ ಡೈನಾಮಿಕ್, ಅಂದರೆ ಹಿಗ್ಗುವ ಹಗ್ಗವೇ ಬೇಕು. ಅದರ ತುದಿಯಲ್ಲಿ ಇಎನ್ 892 ಅಂತ ಯುರೋಪಿನ ಗುಣಮಟ್ಟದ ಗುರುತು ಇರುತ್ತದೆ. ಪರೀಕ್ಷೆಯ ಮೊದಲ ಬೀಳುವಿಕೆಯಲ್ಲಿ ಆ ಹಗ್ಗ ಶೇಕಡಾ 40ರ ಒಳಗೆ ಹಿಗ್ಗಬೇಕು, ಜಗ್ಗು 12 ಕಿಲೋನ್ಯೂಟನ್ (ಬಲದ ಅಳತೆ) ದಾಟಬಾರದು. ಹಾಗೆ ಹಿಗ್ಗಿ ಹಿಡಿಯುವುದೇ ಜೀವ ಉಳಿಸುತ್ತದೆ.

ಈಗ ಜಾಗ. ಸಾಲಾಗಿ ಬೋಲ್ಟ್ ಹಾಕಿಟ್ಟ ಬಂಡೆ ನನಗೆ ತಿಳಿದ ಮಟ್ಟಿಗೆ ನಮ್ಮ ಜಿಲ್ಲೆಯ ದಂಡೆಯಲ್ಲಿ ಇಲ್ಲ. ಅದಕ್ಕಾಗಿ ಬೇಜಾರು ಬೇಡ ಮಾರಾಯ್ರೆ, ಬಾದಾಮಿ ನಮಗೆ ಬೆಂಗಳೂರಿನವರಿಗಿಂತ ಹತ್ತಿರ! ನೀವು ಅಂಕೋಲಾ, ಅರಬೈಲ್ ಘಾಟ್, ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ಬಂದರೆ ಅಲ್ಲಿಂದ ಗದಗ ಮೇಲೆ ರೈಲು ಇದೆ. ಸ್ಟೇಷನ್‌ನಿಂದ ಊರು ಸುಮಾರು 5 ಕಿಲೋಮೀಟರ್, ಆಟೋ ಸಿಗುತ್ತದೆ. ಶನಿವಾರ, ಭಾನುವಾರಕ್ಕೆ ಒಂದು ರಜೆ ಸೇರಿಸಿದರೆ ಆರಾಮಾಗಿ ಹೋಗಿ ಬರಬಹುದು.

ಬಾದಾಮಿಯ ಕೆಂಪು ಮರಳುಗಲ್ಲು ಸ್ಪೋರ್ಟ್ ಕ್ಲೈಂಬಿಂಗ್‌ಗೆ ದೇಶದಲ್ಲೇ ಹೆಸರಾದದ್ದು. ಕಲ್ಲು ಅಡ್ಡಡ್ಡ ಪದರವಾಗಿದೆ. ಹಾಗಾಗಿ ಬೆರಳಿಡಲು ಅಂಚುಗಳು ಚೆನ್ನಾಗಿ ಸಿಗುತ್ತವೆ. 'ಗಣೇಶ' ಅನ್ನುವ, ತುಂಬಾ ಕಷ್ಟದ 8ಬಿ+ ರೂಟ್ (ಹತ್ತುವ ದಾರಿ) ಅಲ್ಲಿಯೇ ಇರುವುದು. ಆದರೆ ನಿಮ್ಮ ಮಟ್ಟದವರಿಗೆ 5, 6ರ ಗ್ರೇಡಿನ ರೂಟುಗಳೂ ಬೇಕಾದಷ್ಟಿವೆ. ಗೋಡೆಯ 6ಎ ಲೆಕ್ಕ ಹಿಡಿದು ಹೋಗಬೇಡಿ, 5ರಿಂದ ಶುರು ಮಾಡಿ. ಬಂಡೆಯಲ್ಲಿ ಬಣ್ಣದ ಹಿಡಿ ಇರುವುದಿಲ್ಲ, ನೀವೇ ಹುಡುಕಬೇಕು. ಅದರಲ್ಲೇ ಕೈ ಸೋತು ಹೋಗುತ್ತದೆ. ಗುಹೆಗಳು, ಅಗಸ್ತ್ಯ ತೀರ್ಥದ ಸುತ್ತಲಿನ ಗುಡಿಗಳು ಪುರಾತತ್ವ ಇಲಾಖೆಯವು. ಅಲ್ಲೆಲ್ಲ ಹತ್ತುವ ಹಾಗಿಲ್ಲ.

ಕಾಲ ನವೆಂಬರ್‌ನಿಂದ ಫೆಬ್ರವರಿ. ಆಗಲೂ ಮಧ್ಯಾಹ್ನ ಬಿಸಿಲು ಜೋರು, ನೆರಳಿರುವ ಬಂಡೆ ನೋಡಿಕೊಳ್ಳಿ. ಮಳೆ ಬಂದಿದ್ದರೆ ಮಾತ್ರ ಒಣಗುವ ತನಕ ಕಾಯಲೇಬೇಕು. ಮೇಲ್ಮೈ ಒಣಗಿದಂತೆ ಕಂಡರೂ ಮರಳುಗಲ್ಲು ಒಳಗೆ ನೀರು ಹಿಡಿದಿರುತ್ತದೆ. ನೆನೆದ ಮರಳುಗಲ್ಲಿಗೆ ಬಲ ಕಡಿಮೆ. ಹಿಡಿ ಮುರಿದರೆ ನೀವೂ ಬೀಳುತ್ತೀರಿ, ಆ ರೂಟೂ ಎಲ್ಲರಿಗೂ ಹಾಳು.

ಹಂಪಿಯ ಹೆಸರೂ ನಿಮ್ಮ ಕಿವಿಗೆ ಬೀಳುತ್ತದೆ. ಅಲ್ಲಿಯದು ಹೆಚ್ಚಾಗಿ ಬೋಲ್ಡರಿಂಗ್. ಗ್ರಾನೈಟ್ ಗುಂಡುಗಳು, ಕೆಳಗೆ ಹಾಸಿಗೆ, ಹಗ್ಗ ಇಲ್ಲ. ಒಳ್ಳೆಯದೇ, ಆದರೆ ನೀವು ಕೇಳಿದ್ದು ಅದಲ್ಲ.

ಇನ್ನೊಂದು ವಿಷಯ ನನಗೆ ಮುಖ್ಯ ಅನ್ನಿಸುತ್ತದೆ. ನಮ್ಮ ತೋಟಕ್ಕೆ ಬರುವ ಕೊನೆಗೌಡರು ಅಡಿಕೆ ಮರ ಹತ್ತುವುದನ್ನು ಯಾವಾಗಲಾದರೂ ನಿಂತು ನೋಡಿ. ಭಾರವೆಲ್ಲ ಕಾಲಿನ ಮೇಲೆ, ಕೈ ಸುಮ್ನೆ ಹಿಡಿದಿರುತ್ತದೆ. ಬಂಡೆಯಲ್ಲೂ ಹಾಗೆಯೇ ಹತ್ತಬೇಕು. ಜಿಮ್‌ನಿಂದ ಬರುವವರು ಕೈಯಲ್ಲಿ ಎಳೆದುಕೊಳ್ಳುವುದು ಜಾಸ್ತಿ.

---

ದಂಡೆಮನೆ:

ನಾನು ಇಲ್ಲೇ ಹುಟ್ಟಿ ಬೆಳೆದವ, ಹಡಗಿನ ರಿಪೇರಿ ಕೆಲಸದಲ್ಲಿ ಇದ್ದವ. ಹತ್ತುವುದು ನನಗೆ ಗೊತ್ತಿಲ್ಲ ತಂಗಿ, ಆದರೆ ಉಪ್ಪುಗಾಳಿಯಲ್ಲಿ ಲೋಹ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತು.

ಯಾರಾದರೂ ದಂಡೆಯ ಬಂಡೆಗೆ ನಾವೇ ಬೋಲ್ಟ್ ಹೊಡೆಯೋಣ ಅಂದರೆ ಒಪ್ಪಬೇಡ. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ತುಕ್ಕು ಹಿಡಿಯುವುದಿಲ್ಲ ಅಂತ ಜನ ನಂಬುತ್ತಾರೆ. ಹಾಗಲ್ಲ. ಬಿಗಿ ಮಾಡಿ ಕೂರಿಸಿದ ಲೋಹಕ್ಕೆ ಉಪ್ಪು, ಸೆಕೆ ಎರಡೂ ಸೇರಿದರೆ ಕಣ್ಣಿಗೆ ಕಾಣದ ಸಣ್ಣ ಬಿರುಕು ಒಳಗೆ ಇಳಿಯುತ್ತದೆ. ಹೊರಗೆ ಹೊಳೆಯುತ್ತಲೇ ಇರುತ್ತದೆ, ಒಂದು ದಿನ ಪಟ್ಟನೆ ತುಂಡಾಗುತ್ತದೆ. ಥಾಯ್ಲೆಂಡಿನ ರೈಲೇ, ಟೋನ್ಸಾಯ್‌ನ ಕಡಲ ಬಂಡೆಗಳಲ್ಲಿ ಇದೇ ಆಗಿ, ಈಗ ಅಲ್ಲಿ ಟೈಟಾನಿಯಂ ಬೋಲ್ಟ್ ಹಾಕುತ್ತಾರೆ. ಎಲ್ಲೇ ಆಗಲಿ, ಸಮುದ್ರದ ಹತ್ತಿರ ಹಳೆಯ ಬೋಲ್ಟ್ ಕಂಡರೆ ನಂಬಬೇಡ.

ಇಲ್ಲಿ ತುಂಬಾ ಕಡೆ ಮೇಲೆ ಇರುವುದು ಚಿರೇಕಲ್ಲು. ಮನೆ ಕಟ್ಟಲು ಸರಿ. ನೇತಾಡಲು ಅಲ್ಲ, ಕೊಡಲಿಯಲ್ಲಿ ಕೆತ್ತಬಹುದಾದ ಕಲ್ಲು ಅದು. ಮತ್ತೆ ಅರಗಾ ಕಡೆ ನೌಕಾನೆಲೆ ಇದೆ. ಆ ದಂಡೆಯಲ್ಲಿ ಹಗ್ಗ, ಕೊಕ್ಕೆ ಹಿಡಿದು ಓಡಾಡುವುದು ಸರಿಯಲ್ಲ.

ನಿನ್ನ ಸಾಮಾನಿನ ಬಗ್ಗೆಯೂ ಒಂದು ಮಾತು. ಕಾರವಾರದ ಮಳೆಗಾಲದಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಬರುತ್ತದೆ. ಅಲ್ಯೂಮಿನಿಯಂ ಕ್ಯಾರಾಬಿನರ್ (ಗೇಟಿರುವ ಕೊಕ್ಕೆ) ಇದ್ದರೆ ಆಗಾಗ ಸಿಹಿನೀರಲ್ಲಿ ತೊಳೆದು, ಒರೆಸಿ, ಗೇಟು ಸಲೀಸಾಗಿ ಮುಚ್ಚುತ್ತದಾ ನೋಡು. ಹಗ್ಗವನ್ನು ನೆರಳಲ್ಲಿ ಒಣಗಿಸು. ಇನ್ವರ್ಟರ್ ಬ್ಯಾಟರಿ ಇರುವ ಮೂಲೆಯಲ್ಲಿ ಮಾತ್ರ ಇಡಬೇಡ. ಬ್ಯಾಟರಿಯ ಆ್ಯಸಿಡ್ ನೈಲಾನನ್ನು ಕಣ್ಣಿಗೆ ಕಾಣದ ಹಾಗೆ ತಿನ್ನುತ್ತದೆ.

---

ಕುಮಟಾ ಹೆಜ್ಜೆ:

ಯಾಣದ ಬಗ್ಗೆ ನಾನು ಹೇಳುತ್ತೇನೆ, ನಮ್ಮ ತಾಲ್ಲೂಕು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90. ಕೆಳಗೆ ನಿಂತು ತಲೆ ಎತ್ತಿದರೆ ಹತ್ತುವವರಿಗೆ ಆಸೆ ಆಗುವುದು ಸಹಜ. ಆದರೆ ಅದು ಬರೀ ಸುಣ್ಣಕಲ್ಲಲ್ಲ, ಜನ ಕೈಮುಗಿಯುವ ದೇವರು. ಶಿವರಾತ್ರಿಗೆ ಬಂದು ನೋಡಿ, ಗೊತ್ತಾಗುತ್ತದೆ. ಅಲ್ಲಿ ಹತ್ತುವ ಮಾತು ಎತ್ತಬೇಡಿ ಅಂತ ಕಳಕಳಿಯಿಂದ ಕೇಳುತ್ತೇನೆ.

ಎರಡನೆಯದು ಹೆಜ್ಜೇನು. ಯಾಣದಲ್ಲೂ ಇದೆ, ದಾಂಡೇಲಿ ಕಾಡಿನ ಸಿಂಥೇರಿ ಬಂಡೆಯಲ್ಲೂ ಇದೆ. ಎತ್ತರದ ಬಂಡೆ ಎಲ್ಲೇ ಇದ್ದರೂ ಹಗ್ಗ ಬಿಚ್ಚುವ ಮೊದಲು ಕೆಳಗೆ ನಿಂತು ಚಾಚುಗಳ ಅಡಿಭಾಗವನ್ನು ಪೂರ್ತಿ ನೋಡಿ. ಹಲಗೆಯ ಹಾಗೆ ಕಪ್ಪಗೆ ನೇತಾಡುವುದು ಕಂಡರೆ ಆ ಬಂಡೆ ಆ ದಿನಕ್ಕೆ ಬೇಡ. ಅತ್ತರು, ಹೊಗೆ, ಕೂಗಾಟ ಯಾವುದೂ ಬೇಡ. ಹಗ್ಗದಲ್ಲಿ ಇರುವಾಗ ಹುಳ ಎದ್ದರೆ ಬಿಲೇ ಮಾಡುವವರು ಮರುಮಾತಿಲ್ಲದೆ ಕೆಳಗಿಳಿಸಬೇಕು. ಆಮೇಲೆ ಮುಖ ಮುಚ್ಚಿಕೊಂಡು ಓಡಿ, ಕಾರು ಅಥವಾ ಮನೆಯೊಳಗೆ ಸೇರಿಕೊಳ್ಳಿ. ಸಾಮಾನು ಅಲ್ಲೇ ಇರಲಿ. ಮುಳ್ಳನ್ನು ತಡಮಾಡದೆ ಕೆರೆದು ತೆಗೆಯಿರಿ. ಜಾಸ್ತಿ ಕಚ್ಚಿದ್ದರೆ ಸೀದಾ ಆಸ್ಪತ್ರೆ.

---

ಕೋಡಿಬಾಗದ ಹೊಸಬಳು:

ತುಂಬಾ ತುಂಬಾ ಧನ್ಯವಾದ. ದಂಡೆಮನೆ ಅಣ್ಣಾ, ನನ್ನ ಹಾರ್ನೆಸ್ (ಹಗ್ಗ ಕಟ್ಟುವ ಸೊಂಟದ ಪಟ್ಟಿ) ಇನ್ವರ್ಟರ್ ಪಕ್ಕದ ಗೂಡಿನಲ್ಲೇ ನೇತಾಡುತ್ತಿತ್ತು, ಓದಿದ ತಕ್ಷಣ ತೆಗೆದೆ. ಸ್ವಲ್ಪ ದೂರವೇ ಇತ್ತು, ಏನೂ ತಾಗಿಲ್ಲ.

ಶಿರಸಿಯವರೇ, ಬಾದಾಮಿ ಅಂತ ತೀರ್ಮಾನ ಮಾಡಿದೆ. ಈ ಮಳೆಗಾಲ ಪೂರ್ತಿ ಏನು ಮಾಡಲಿ? ಮನೆಯಲ್ಲಿ ಬೆರಳಿಗೆ ನೇತಾಡುವ ಹಲಗೆ ಹಾಕಿಸಲಾ? ಗೋಡೆಯಲ್ಲಿ ಕಲಿಯದೇ ಇದ್ದದ್ದು ಏನು ಕಲಿಯಬೇಕು?

---

ಶಿರಸಿ ಕಡೆಯವ:

ಹಲಗೆ ಈಗ ಬೇಡ. ಸ್ನಾಯು ಬೇಗ ಬಲಿಯುತ್ತದೆ, ಬೆರಳಿನ ಸ್ನಾಯುರಜ್ಜುಗಳಿಗೆ (ಸ್ನಾಯುವನ್ನು ಎಲುಬಿಗೆ ಕಟ್ಟುವ ದಾರದಂಥವು) ತುಂಬಾ ಸಮಯ ಬೇಕು. ಒಮ್ಮೆ ನೋವಾದರೆ ಚಳಿಗಾಲ ಪೂರ್ತಿ ಕೈ ತಪ್ಪುತ್ತದೆ. ಪುಲ್‌ಅಪ್, ಹೊಟ್ಟೆಯ ವ್ಯಾಯಾಮ, ಗುಡ್ಡ ಹತ್ತುವುದು, ಇಷ್ಟು ಸಾಕು.

ಕಲಿಯಬೇಕಾದದ್ದು ರೂಟಿನ ತುದಿಯ ಕೆಲಸ. ಜಿಮ್‌ನಲ್ಲಿ ಮೇಲೆ ಹೋಗಿ ಹಗ್ಗ ಕೊಕ್ಕೆಗೆ ಹಾಕಿ ಇಳಿದು ಬಿಡುತ್ತೀರಿ. ಬಂಡೆಯಲ್ಲಿ ಕ್ವಿಕ್‌ಡ್ರಾ (ಬೋಲ್ಟಿಗೆ ಹಗ್ಗ ಸಿಕ್ಕಿಸುವ ಜೋಡಿ ಕೊಕ್ಕೆ) ಎಲ್ಲ ವಾಪಸ್ ತರಬೇಕಲ್ವಾ? ತುದಿಯಲ್ಲಿರುವುದು ಎರಡು ಬೋಲ್ಟ್, ಅದಕ್ಕೆ ಮುಚ್ಚಿದ ಉಂಗುರ. ಮೊದಲು ನಿಮ್ಮನ್ನು ಈ ಆ್ಯಂಕರ್‌ಗೆ (ಆ ಎರಡು ಬೋಲ್ಟಿಗೆ) ಬೇರೆ ಸ್ಲಿಂಗ್‌ನಲ್ಲಿ (ಗಟ್ಟಿ ಪಟ್ಟಿಯ ಕುಣಿಕೆ) ಕಟ್ಟಿಕೊಳ್ಳಬೇಕು. ಆಮೇಲೆ ಹಗ್ಗದ ಒಂದು ಮಡಿಕೆಯನ್ನು ಉಂಗುರದಲ್ಲಿ ತೂರಿಸಿ, ಅದರಲ್ಲಿ ಎಂಟರ ಗಂಟು ಹಾಕಿ, ಲಾಕ್ ಇರುವ ಕ್ಯಾರಾಬಿನರ್‌ನಿಂದ ಹಾರ್ನೆಸ್‌ನ ಬಿಲೇ ಲೂಪಿಗೆ (ಮುಂದಿನ ಗಟ್ಟಿ ಕುಣಿಕೆ) ಹಾಕಬೇಕು. ಹಳೆಯ ಗಂಟು ಬಿಚ್ಚುವುದು ಅದಾದ ಮೇಲೆಯೇ. ಬಿಚ್ಚಿದ ತುದಿಯನ್ನು ಉಂಗುರದಿಂದ ಎಳೆದು ತೆಗೆಯಿರಿ. ಹೊಸ ಗಂಟು ನಿಮ್ಮ ಭಾರ ಹಿಡಿದಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ ಸ್ಲಿಂಗ್ ಬಿಚ್ಚಿ. ಈ ಕ್ರಮ ಕೈಗೆ ಬರಬೇಕು. ಮನೆಯ ಕಿಟಕಿಯ ಸರಳಿಗೆ ಎರಡು ಉಂಗುರ ಕಟ್ಟಿ, ನೆಲದ ಮೇಲೆ ನಿಂತೇ ಅಭ್ಯಾಸ ಮಾಡಿ. ಮಳೆಗಾಲದ ಸಂಜೆಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಆದರೆ ಮೊದಲ ಸಲ ಇದನ್ನು ತಿಳಿದವರೊಬ್ಬರು ಎದುರಿಗೆ ನಿಂತು ನೋಡಬೇಕು. ನಾನು ಬರೆದದ್ದಷ್ಟೇ ನಂಬಿ ಮೇಲೆ ಹೋಗಬೇಡಿ.

ಹತ್ತುವ ಮುಂಚೆ ಬಿಲೇ ಮಾಡುವವರ ಜೊತೆ ಮಾತಾಡಿ: ತುದಿ ಮುಟ್ಟಿದ ಮೇಲೆ ಅವರು ಇಳಿಸುತ್ತಾರಾ, ನೀವೇ ರಾಪೆಲ್ ಮಾಡಿ (ಹಗ್ಗದ ಮೇಲೆ ನೀವೇ ಇಳಿದು) ಬರುತ್ತೀರಾ? ಇದು ನೆಲದಲ್ಲೇ ತೀರ್ಮಾನ ಆಗಬೇಕು. ಗಾಳಿಯಲ್ಲಿ ಕೂಗಿದ್ದು ಅರ್ಧ ಕೇಳಿಸಿ ಅವರು ಹಗ್ಗ ಬಿಟ್ಟರೆ ಮುಗಿಯಿತು. ಮತ್ತೆ ಹಗ್ಗದ ಕೆಳ ತುದಿಗೆ ಯಾವಾಗಲೂ ಒಂದು ಗಂಟು. 30 ಮೀಟರ್ ರೂಟಿಗೆ 60 ಮೀಟರ್ ಹಗ್ಗ ಅಂದರೆ ಉಳಿಯುವುದು ಏನೂ ಇಲ್ಲ. ಗಂಟಿಲ್ಲದ ತುದಿ ಬಿಲೇ ಸಾಧನದಿಂದ ಜಾರಿ ಹೋಗಿ ಆದ ಅಪಘಾತಗಳು ಪ್ರಪಂಚದ ಎಲ್ಲ ಕಡೆ ಇವೆ.

ತಗೊಳ್ಳುವ ಕ್ರಮ: ಶೂ ಮತ್ತು ಹಾರ್ನೆಸ್ ಇದ್ದೇ ಇರುತ್ತದೆ. ಮೊದಲು ಹೆಲ್ಮೆಟ್. ಆಮೇಲೆ ಬಿಲೇ ಸಾಧನ, ಲಾಕ್ ಇರುವ ಮೂರು ಕ್ಯಾರಾಬಿನರ್, ಒಂದು ಸ್ಲಿಂಗ್. ಹಗ್ಗ, ಕ್ವಿಕ್‌ಡ್ರಾ ಕೊನೆಗೆ, ಅವೇ ದುಬಾರಿ. ಸೆಕೆಂಡ್ ಹ್ಯಾಂಡ್ ಹಗ್ಗ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ, ಅದರ ಹಿಂದಿನ ಕಥೆ ನಿಮಗೆ ಗೊತ್ತಿರುವುದಿಲ್ಲ.

ಗುರುಗಳ ವಿಷಯ: ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಬಂಡೆ ಹತ್ತುವ ತರಬೇತಿ ನಡೆಸುತ್ತದೆ, ವಿಚಾರಿಸಿ. ಇಲ್ಲವಾದರೆ ನಮ್ಮ ಜೊತೆ ಬನ್ನಿ. ಹುಬ್ಬಳ್ಳಿ, ಶಿರಸಿಯ ಕೆಲವರು ದೀಪಾವಳಿ ಮುಗಿದ ಮೇಲೆ ಬಾದಾಮಿಗೆ ಹೋಗುತ್ತೇವೆ, ಹೆಂಗಸರೂ ಇರುತ್ತಾರೆ. ಹಗ್ಗ, ಕ್ವಿಕ್‌ಡ್ರಾ ನಮ್ಮ ಹತ್ತಿರ ಇದೆ. ಹೆಲ್ಮೆಟ್ ಮಾತ್ರ ನಿಮ್ಮದೇ ತನ್ನಿ. ತಿಂಡಿಯನ್ನು ಜಿಪ್ ಇರುವ ಚೀಲದಲ್ಲಿ ಹಾಕಿ ಕೈಗೆಟುಕುವ ಹಾಗೆ ಇಟ್ಟುಕೊಳ್ಳಿ, ಬಾದಾಮಿಯಲ್ಲಿ ಮಂಗಗಳು ಜಾಸ್ತಿ.

---

ಕೋಡಿಬಾಗದ ಹೊಸಬಳು:

ಖಂಡಿತ ಬರುತ್ತೇನೆ. ಹೆಲ್ಮೆಟ್ ಈ ತಿಂಗಳೇ ತರಿಸುತ್ತೇನೆ. ಕಿಟಕಿಗೆ ಉಂಗುರ ಕಟ್ಟಿ ಅಭ್ಯಾಸ ಮಾಡಿ ವಿಡಿಯೋ ಕಳಿಸುತ್ತೇನೆ, ತಪ್ಪಿದ್ದರೆ ಬಿಡಿಸಿ ಹೇಳಿ.