ರೆಸ್ಪಾನ್ಸ್, ರಿಮಿಷನ್, ರಿಕವರಿ: ಮೂರಕ್ಕೂ ‘ಗುಣವಾಯಿತು’ ಅಂದರೆ ಆಗುತ್ತದಾ?

ಬಳಗದ ಎಲ್ಲರಿಗೂ ನಮಸ್ಕಾರ.

ಶಾಲೆ, ಕಾಲೇಜುಗಳ ಆಪ್ತಸಮಾಲೋಚಕರಿಗೆ ಅಂತ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಹದಿಹರೆಯದವರ ಮತ್ತು ದೊಡ್ಡವರ ಖಿನ್ನತೆಗೆ ಯಾವ ಚಿಕಿತ್ಸೆ ಎಷ್ಟು ಕೆಲಸ ಮಾಡುತ್ತದೆ, ಅದನ್ನು ಅಳೆಯುವುದು ಹೇಗೆ ಅನ್ನುವುದು ವಿಷಯ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಚಿಕಿತ್ಸೆಗಳ ಹೆಸರಿನಲ್ಲಿ ಅಂಥ ತೊಂದರೆ ಇಲ್ಲ. ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ ಸಿಬಿಟಿಯನ್ನು ಎಲ್ಲರೂ ಸಿಬಿಟಿ ಅಂತಲೇ ಅನ್ನುತ್ತಾರೆ. ಕೌನ್ಸೆಲಿಂಗ್ ಅಂದರೂ ಸರಿ, ಆಪ್ತಸಮಾಲೋಚನೆ ಅಂದರೂ ಸರಿ. ಗಾಡಿ ಸಿಕ್ಕಿಕೊಂಡಿರುವುದು ಫಲಿತಾಂಶ ಹೇಳುವ ಜಾಗದಲ್ಲಿ. ಇಂಗ್ಲಿಷಿನಲ್ಲಿ ರೆಸ್ಪಾನ್ಸ್ (ಕಾಯಿಲೆ ಎದ್ದು ಕಾಣುವಷ್ಟು ಇಳಿದರೆ), ರಿಮಿಷನ್ (ಲಕ್ಷಣ ಹೆಚ್ಚುಕಡಿಮೆ ಇಲ್ಲವಾದರೆ), ರಿಕವರಿ (ಆ ಸ್ಥಿತಿ ತಿಂಗಳುಗಟ್ಟಲೆ ಉಳಿದರೆ) ಅಂತ ಮೂರು ಬೇರೆ ಬೇರೆ ಮಾತುಗಳಿವೆ. ಕರಡಿನಲ್ಲಿ ಮೂರಕ್ಕೂ ‘ಗುಣವಾಯಿತು’ ಅಂತ ಬಂದಿದೆ. ಕಾಯಿಲೆ ತಿರುಗಿ ಬರುವುದಕ್ಕೆ ರಿಲ್ಯಾಪ್ಸ್, ರಿಕರೆನ್ಸ್ ಅಂತ ಎರಡಿವೆ. ಎರಡಕ್ಕೂ ‘ಮರುಕಳಿಸಿತು’.

ಇದನ್ನು ಹೀಗೇ ಬಿಟ್ಟರೆ ಏನಾಗುತ್ತದೆ ನೋಡಿ. ಅಮೆರಿಕದಲ್ಲಿ ನಡೆದ ಟ್ಯಾಡ್ಸ್ ಅನ್ನುವ ಅಧ್ಯಯನ ಈ ಕೈಪಿಡಿಯ ಬೆನ್ನೆಲುಬು. ಖಿನ್ನತೆ ಇದ್ದ 12ರಿಂದ 17 ವರ್ಷದ 439 ಮಕ್ಕಳು, ನಾಲ್ಕು ಗುಂಪು. ಒಂದು ಗುಂಪಿಗೆ ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಮಾತ್ರೆ, ಒಂದಕ್ಕೆ ಬರೀ ಸಿಬಿಟಿ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಔಷಧವೇ ಇಲ್ಲದ ತೋರಿಕೆ ಮಾತ್ರೆ. 2004ರಲ್ಲಿ ಮೊದಲ ಫಲಿತಾಂಶ ಬಂತು. 12 ವಾರ ಮುಗಿದಾಗ ರೆಸ್ಪಾನ್ಸ್ ಕಂಡದ್ದು, ಎರಡೂ ಪಡೆದವರಲ್ಲಿ ಶೇ. 71, ಮಾತ್ರೆಯವರಲ್ಲಿ ಶೇ. 61, ಸಿಬಿಟಿಯವರಲ್ಲಿ ಶೇ. 43, ತೋರಿಕೆ ಮಾತ್ರೆಯವರಲ್ಲಿ ಶೇ. 35. ಅದೇ ಮಕ್ಕಳು, ಅದೇ 12ನೇ ವಾರ, ರಿಮಿಷನ್ ಲೆಕ್ಕ ತೆಗೆದರೆ ಇದೇ ಸಾಲಿನಲ್ಲಿ 37, 23, 16, 17.

ಕರಡಿನ ಒಂದು ಪುಟದಲ್ಲಿ ‘ಶೇ. 71 ಮಕ್ಕಳಿಗೆ ಗುಣವಾಯಿತು’ ಅಂತಿದೆ. ಮುಂದೆ ಹೋದರೆ ‘ಶೇ. 37 ಮಕ್ಕಳಿಗೆ ಗುಣವಾಯಿತು’ ಅಂತಿದೆ. ಓದುವವರು ಅಚ್ಚಿನ ತಪ್ಪು ಅಂದುಕೊಂಡರೆ ಅದೇ ಪುಣ್ಯ. ಮೊದಲನೆಯದನ್ನು ನಂಬಿಕೊಂಡು ಯಾರಾದರೂ ತಂದೆ ತಾಯಿಗೆ ‘ಮೂರು ತಿಂಗಳಲ್ಲಿ ನೂರಕ್ಕೆ ಎಪ್ಪತ್ತು ಮಕ್ಕಳಿಗೆ ವಾಸಿಯಾಗುತ್ತದೆ’ ಅಂತ ಹೇಳಿಬಿಟ್ಟರೆ? ಸಿಬಿಟಿಯ ಸಾಲನ್ನೇ ತೆಗೆದುಕೊಳ್ಳಿ. ರೆಸ್ಪಾನ್ಸ್‌ನಲ್ಲಿ ಅದು ತೋರಿಕೆ ಮಾತ್ರೆಗಿಂತ ಮೇಲಿದೆ. ರಿಮಿಷನ್‌ನಲ್ಲಿ ಎರಡೂ ಒಂದೇ ಮಟ್ಟ. ಇಷ್ಟಕ್ಕೇ ಮಾತು ಮುಗಿಸಿ ‘ಸಿಬಿಟಿ ದಂಡ’ ಅನ್ನುವ ಹಾಗೂ ಇಲ್ಲ. 36ನೇ ವಾರಕ್ಕೆ ಬರೀ ಸಿಬಿಟಿಯವರು ಬರೀ ಮಾತ್ರೆಯವರ ಸಮಕ್ಕೆ ಬಂದಿದ್ದರು, ಇಬ್ಬರದೂ ಶೇ. 81. ನಿಧಾನ, ಆದರೆ ಬಂತು. ಇದೂ ರೆಸ್ಪಾನ್ಸ್ ಲೆಕ್ಕ, ಮರೆಯಬೇಡಿ.

ಈ ಪದಗಳಿಗೆ ಗೆರೆ ಎಳೆದು ಬೇರೆ ಮಾಡಿದ್ದು 1991ರಲ್ಲಿ, ಸಂಶೋಧಕಿ ಎಲೆನ್ ಫ್ರ್ಯಾಂಕ್ ಮತ್ತು ಜೊತೆಗಾರರು. ಅದಕ್ಕೆ ಮುಂಚೆ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಿದ್ದರು. ನನ್ನ ಮಾತಿನಲ್ಲಿ ಹೇಳುತ್ತೇನೆ. ಚಿಕಿತ್ಸೆ ಶುರುವಾದ ಮೇಲೆ ಕಾಯಿಲೆ ಎದ್ದು ಕಾಣುವಷ್ಟು ಇಳಿದರೆ ರೆಸ್ಪಾನ್ಸ್. ದೊಡ್ಡವರ ಅಧ್ಯಯನಗಳಲ್ಲಿ ಲಕ್ಷಣ ಅಳೆಯುವ ಪಟ್ಟಿಯ ಅಂಕ ಅರ್ಧಕ್ಕೆ ಇಳಿಯಬೇಕು ಅನ್ನುವುದು ವಾಡಿಕೆ. ಟ್ಯಾಡ್ಸ್‌ನಲ್ಲಿ ಹಾಗಲ್ಲ. ಮಗು ಯಾವ ಗುಂಪಿನದು ಅಂತ ಗೊತ್ತಿಲ್ಲದ ಒಬ್ಬ ಪರಿಣತರು ಮಗುವನ್ನು ನೋಡಿ ‘ತುಂಬಾ ಸುಧಾರಿಸಿದೆ’ ಅಥವಾ ಅದಕ್ಕೂ ಮೇಲಿನ ಗುರುತು ಹಾಕಿದರೆ ರೆಸ್ಪಾನ್ಸ್. ಲಕ್ಷಣಗಳು ಹೆಚ್ಚುಕಡಿಮೆ ಇಲ್ಲ ಅನ್ನುವ ಗೆರೆಯ ಕೆಳಗೆ ಬಂದರೆ ರಿಮಿಷನ್. ಆ ಸ್ಥಿತಿ ತಿಂಗಳುಗಟ್ಟಲೆ ನಿಂತರೆ ರಿಕವರಿ.

ಇನ್ನು ನಮ್ಮ ಪದಗಳಿಗೆ ಬರೋಣ.

‘ಗುಣಮುಖ’ ಅನ್ನುವ ಪದ ರೆಸ್ಪಾನ್ಸ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಗುಣದ ಕಡೆ ಮುಖ ಮಾಡಿದೆ, ಇನ್ನೂ ತಲುಪಿಲ್ಲ. ಆದರೆ 2020ರಲ್ಲಿ ಕೊರೊನಾ ಬಂದು ಈ ಪದವನ್ನು ನಮ್ಮ ಕೈಯಿಂದ ಕಿತ್ತುಕೊಂಡಿತು. ದಿನಾ ಸಂಜೆ ‘ಇಂದು ಗುಣಮುಖರಾದವರು ಇಷ್ಟು’ ಅಂತ ಕೇಳಿ ಕೇಳಿ, ಗುಣಮುಖ ಅಂದರೆ ಪೂರ್ತಿ ವಾಸಿಯಾಗಿ ಮನೆಗೆ ಹೋದವರು ಅಂತಾಗಿದೆ. ಈಗ ಅದನ್ನು ಹಳೆಯ ಅರ್ಥಕ್ಕೆ ಎಳೆದು ತರುವುದು ಸುಮ್ನೆ ಹಟ.

‘ವಾಸಿ’ಯ ಕಥೆ ಇನ್ನೂ ಸ್ವಾರಸ್ಯ. ‘ರೋಗ ವಾಸಿಯಾಯಿತು’ ಅಂದರೆ ಪೂರ್ತಿ ಹೋಯಿತು. ‘ಮೊನ್ನೆಗಿಂತ ವಾಸಿ’ ಅಂದರೆ ಇದೆ, ಆದರೆ ಕಮ್ಮಿ. ಒಂದೇ ಪದ ಎರಡೂ ಕಡೆ ನಿಂತಿದೆ. ಹಳೇ ಮೈಸೂರು ಕಡೆಯ ಹಿರಿಯರು ಡಾಕ್ಟರ ಮುಂದೆ ‘ರೂಪಾಯಿಗೆ ಎಂಟಾಣೆ ವಾಸಿ ಸ್ವಾಮಿ’ ಅನ್ನುತ್ತಿದ್ದರಲ್ವಾ, ಅದು ಅರ್ಧಕ್ಕರ್ಧ ಇಳಿಯುವ ರೆಸ್ಪಾನ್ಸ್‌ಗೆ ತೂಕ ಹಾಕಿದಷ್ಟು ಸರಿಹೊಂದುತ್ತದೆ. ಎಷ್ಟು ವಾಸಿ ಅನ್ನುವ ಲೆಕ್ಕ ಮಾತಿನೊಳಗೇ ಇದೆ. ಕಷ್ಟ ಏನೆಂದರೆ ಈಗಿನ ಇಪ್ಪತ್ತೈದರ ಆಪ್ತಸಮಾಲೋಚಕರಿಗೆ ಆಣೆ ಗೊತ್ತಿಲ್ಲ. ಹಾಗಾಗಿ ಸದ್ಯಕ್ಕೆ ‘ಅರ್ಧಕ್ಕರ್ಧ ಸುಧಾರಣೆ’ ಅಂತ ಬರೆದಿದ್ದೇನೆ. ಟ್ಯಾಡ್ಸ್ ಬಂದಲ್ಲಿ ‘ತುಂಬಾ ಸುಧಾರಣೆ’.

ಕರಾವಳಿಯ ಗೆಳತಿಯೊಬ್ಬರು ‘ಮದ್ದು ತಾಗಿತು’ ಅಂತ ಸೂಚಿಸಿದರು. ಕೇಳಲು ಚೆಂದ. ಆದರೆ ಮಾತಿನ ಚಿಕಿತ್ಸೆಗೆ ಮದ್ದು ಅನ್ನುವುದು ಹೇಗೆ? ಮೇಲಾಗಿ ಹಳೇ ಮೈಸೂರಿನ ಹಳ್ಳಿಗಳಲ್ಲಿ ‘ಮದ್ದು ಹಾಕಿದ್ದಾರೆ’ ಅಂದರೆ ಯಾರೋ ಆಗದವರು ಊಟದಲ್ಲಿ ಏನೋ ಬೆರೆಸಿದ್ದಾರೆ ಅಂತ. ಮಗ ಮಂಕಾಗಿದ್ದಾನೆ ಅಂತ ಬಂದ ಮನೆಯವರ ಮುಂದೆ ಆ ಪದ ಎತ್ತದಿರುವುದೇ ಕ್ಷೇಮ.

ರಿಮಿಷನ್‌ಗೆ ನಿಘಂಟು ‘ಉಪಶಮನ’ ಕೊಡುತ್ತದೆ. ನನಗೆ ಒಪ್ಪಿಗೆ ಇಲ್ಲ. ವಾಸಿಯಾಗದ ಕಾಯಿಲೆಯವರಿಗೆ ನೋವು ಕಡಿಮೆ ಮಾಡುವ ಆರೈಕೆಗೆ ‘ಉಪಶಮನ ಆರೈಕೆ’ ಅನ್ನುವುದು ಈಗಾಗಲೇ ಓಡಾಡುತ್ತಿದೆ. ಹದಿನೈದು ವರ್ಷದ ಹುಡುಗಿಯ ತಾಯಿಗೆ ಆ ಪದ ಬೇಡ. ‘ಹತೋಟಿಯಲ್ಲಿದೆ’ ಒಂದು ಆಯ್ಕೆ. ಶುಗರ್, ಬಿಪಿ ಹತೋಟಿಯಲ್ಲಿದೆ ಅಂದರೆ ಜನಕ್ಕೆ ತಕ್ಷಣ ಗೊತ್ತಾಗುತ್ತದೆ. ಆದರೆ ಅದರ ಜೊತೆಗೆ ‘ಜೀವನಪೂರ್ತಿ ಮಾತ್ರೆ’ ಅನ್ನುವ ಅರ್ಥವೂ ಬಂದುಬಿಡುತ್ತದೆ. ‘ಲಕ್ಷಣ ಅಡಗಿದೆ’ ಅಂದರೆ ಅರ್ಥ ಹತ್ತಿರ ಬರುತ್ತದೆ. ಅಡಗುವುದು ಅಂದರೆ ಶಾಂತವಾಗುವುದೂ ಹೌದು, ಅವಿತುಕೊಳ್ಳುವುದೂ ಹೌದು. ಆ ಎರಡನೆಯ ಅರ್ಥ ಹೆದರಿಸುತ್ತದೋ ಏನೋ. ನಾನು ವಾಲುತ್ತಿರುವುದು ‘ಲಕ್ಷಣ ನಿಂತಿದೆ’ ಕಡೆಗೆ. ‘ಜ್ವರ ನಿಂತಿದೆ’, ‘ವಾಂತಿ ನಿಂತಿದೆ’ ಅನ್ನುತ್ತೇವಲ್ಲ. ಆದರೂ ಪೂರ್ತಿ ನಿಂತಿತು ಅನ್ನುವುದೂ ಕೆಲವೊಮ್ಮೆ ಜಾಸ್ತಿಯೇ. ಟ್ಯಾಡ್ಸ್‌ನಲ್ಲಿ ಖಿನ್ನತೆಯ ಹಣೆಪಟ್ಟಿ ಕಳಚಿಕೊಂಡ ಮಕ್ಕಳಲ್ಲೂ ಹಲವರಿಗೆ ನಿದ್ದೆ ಸರಿಯಾಗಿರಲಿಲ್ಲ, ಸುಸ್ತು ಹೋಗಿರಲಿಲ್ಲ, ಓದಿನಲ್ಲಿ ಗಮನ ನಿಲ್ಲುತ್ತಿರಲಿಲ್ಲ.

ಯಾವ ಪದ ಇಟ್ಟರೂ ಅದರ ಪಕ್ಕದಲ್ಲೇ ಅಳತೆಯನ್ನೂ ಇಡಬೇಕು ಅಂತ ನನಗೆ ಗಟ್ಟಿಯಾಗಿ ಅನಿಸಿದ್ದು ಗೋವಾದ ಅಧ್ಯಯನ ಓದಿದಾಗ. 2017ರಲ್ಲಿ ಪ್ರಕಟವಾದದ್ದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಖಿನ್ನತೆ ಜೋರಾಗಿದ್ದ 495 ದೊಡ್ಡವರು. ಅರ್ಧ ಜನಕ್ಕೆ ಎಂದಿನ ಚಿಕಿತ್ಸೆ. ಇನ್ನರ್ಧ ಜನಕ್ಕೆ ಅದರ ಜೊತೆಗೆ ಆರೆಂಟು ಸಲ ಕೂತು ಮಾತಾಡುವ, ನಿಂತುಹೋದ ಕೆಲಸ ಕಾರ್ಯಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡಿಸುವ ಚಿಕಿತ್ಸೆ. ಅದನ್ನು ಕೊಟ್ಟವರು ಡಾಕ್ಟರೂ ಅಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಅಲ್ಲಿಯವರೇ, ಇದಕ್ಕೆಂದು ತರಬೇತಿ ಪಡೆದವರು. ಮೂರು ತಿಂಗಳಿಗೆ ರಿಮಿಷನ್ ಶೇ. 64. ಎಂದಿನ ಚಿಕಿತ್ಸೆಯವರಲ್ಲಿ ಶೇ. 39.

ಇದನ್ನು ಟ್ಯಾಡ್ಸ್‌ನ 37ರ ಪಕ್ಕ ಇಟ್ಟು ‘ಗೋವಾದವರೇ ಗೆದ್ದರು’ ಅಂತ ಹಿಗ್ಗಬೇಡಿ. ಗೋವಾದಲ್ಲಿ ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನೆಪಟ್ಟಿಯ ಅಂಕ 10ಕ್ಕಿಂತ ಕೆಳಗೆ ಬಂದರೆ ರಿಮಿಷನ್ ಅಂತ ಹಿಡಿದರು. ಅದೇ ಪಟ್ಟಿಗೆ ಬೇರೆ ಕಡೆ 5ಕ್ಕಿಂತ ಕೆಳಗೆ ಅನ್ನುವ ರೂಢಿಯೂ ಇದೆ. ಟ್ಯಾಡ್ಸ್‌ನ ಅಳತೆಪಟ್ಟಿಯೇ ಬೇರೆ, ಅದು ಮಕ್ಕಳಿಗೆಂದು ಮಾಡಿದ್ದು. ಗೋವಾದ ಆ ಚಿಕಿತ್ಸೆ ಒಳ್ಳೆಯದು ಅಂತ ನಾನು ನಂಬುವುದು 64ನ್ನು ನೋಡಿ ಅಲ್ಲ, 64ಕ್ಕೂ 39ಕ್ಕೂ ಇರುವ ಅಂತರ ನೋಡಿ. ಯಾವುದರ ಎದುರು ಹೋಲಿಸಿದರು ಅನ್ನುವುದನ್ನು ಬಿಟ್ಟು ಬರೆದ ಶೇಕಡಾವಾರಿಗೆ ಅರ್ಥವೇ ಇಲ್ಲ. ನಮ್ಮ ಕರಡಿನಲ್ಲಿ ಬಹುಪಾಲು ಕಡೆ ಆ ಎದುರಿನ ಸಂಖ್ಯೆಯೇ ಬಿಟ್ಟುಹೋಗಿದೆ.

ಪಿಎಚ್‌ಕ್ಯೂ-9 ಅಂದೆನಲ್ಲ, ಅಲ್ಲೂ ಒಂದು ಪದದ ಮುಳ್ಳಿದೆ. ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ. ಮೊದಲನೆಯದು ಯಾವುದರಲ್ಲೂ ಆಸಕ್ತಿ, ಖುಷಿ ಇಲ್ಲದಿರುವ ಬಗ್ಗೆ. ಎರಡನೆಯದು ಮನಸ್ಸು ಕುಗ್ಗಿರುವ, ಭರವಸೆ ಇಲ್ಲದ ಬಗ್ಗೆ. ಈಗ ಪಿಯುಸಿ ಹುಡುಗನೊಬ್ಬ ‘ಬೇಜಾರು ಸರ್’ ಅಂತಾನೆ. ಹೊತ್ತು ಹೋಗುತ್ತಿಲ್ಲ ಅಂತಲೋ, ಯಾವುದೂ ರುಚಿಸುತ್ತಿಲ್ಲ ಅಂತಲೋ, ದುಃಖ ಆಗಿದೆ ಅಂತಲೋ, ಅಪ್ಪನ ಮೇಲೆ ಮುನಿಸು ಅಂತಲೋ? ನಾಲ್ಕಕ್ಕೂ ನಮ್ಮಲ್ಲಿ ಬೇಜಾರೇ. ಪ್ರಶ್ನೆಯಲ್ಲೇ ‘ಬೇಜಾರು’ ಅಂತ ಹಾಕಿದರೆ ಎಲ್ಲರೂ ಹೌದು ಅನ್ನುತ್ತಾರೆ, ಅಂಕ ಉಬ್ಬುತ್ತದೆ. ತೆಗೆದು ‘ಖಿನ್ನತೆ’ ಅಂತ ಹಾಕಿದರೆ ಹುಡುಗರು ‘ಅಷ್ಟೆಲ್ಲ ಏನಿಲ್ಲ ಸರ್’ ಅಂತಾರೆ, ಅಂಕ ಇಳಿಯುತ್ತದೆ. ನನ್ನ ಸಲಹೆ, ಮೊದಲನೆಯದಕ್ಕೆ ‘ಯಾವುದರಲ್ಲೂ ಮನಸ್ಸಿಲ್ಲ’, ಎರಡನೆಯದಕ್ಕೆ ‘ಮನಸ್ಸು ಕುಗ್ಗಿದೆ’. ಬೇಜಾರು ಅಂದವರನ್ನು ‘ಎಂಥಾ ಬೇಜಾರು?’ ಅಂತ ಕೇಳಿಯೇ ಗುರುತು ಹಾಕಬೇಕು ಅಂತ ಒಂದು ಸಾಲು ಸೇರಿಸಬೇಕು.

ದೆಹಲಿಯ ಸರ್ಕಾರಿ ಶಾಲೆಗಳ ಅಧ್ಯಯನ ಇನ್ನೊಂದು ಬಗೆಯ ತೊಡಕು. 251 ವಿದ್ಯಾರ್ಥಿಗಳು. ಎಲ್ಲರಿಗೂ ಸಮಸ್ಯೆ ಬಿಡಿಸಿಕೊಳ್ಳುವುದು ಹೇಗೆ ಅನ್ನುವ ಪುಸ್ತಿಕೆಗಳು. ಅರ್ಧ ಮಕ್ಕಳಿಗೆ ಜೊತೆಗೆ ಸಮಾಲೋಚಕರ ಮಾತುಕತೆಯೂ ಇತ್ತು. ಆರು ವಾರಕ್ಕೆ ಎರಡು ರೀತಿ ಅಳೆದರು. ಮಗುವೇ ತನ್ನ ಮಾತಿನಲ್ಲಿ ಹೇಳಿದ ಸಮಸ್ಯೆ ಎಷ್ಟು ಕಮ್ಮಿಯಾಯಿತು ಅನ್ನುವುದು ಒಂದು. ಸಿದ್ಧ ಪಟ್ಟಿಯ ಲಕ್ಷಣಗಳು ಎಷ್ಟು ಕಮ್ಮಿಯಾದವು ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಮಾತುಕತೆಯವರು ಮುಂದಿದ್ದರು. ಎರಡನೆಯದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕರಡಿನಲ್ಲಿ ಎರಡಕ್ಕೂ ‘ತೊಂದರೆ’ ಅಂತಿದೆ. ಹಾಗಾಗಿ ತೊಂದರೆ ಕಮ್ಮಿಯಾಯಿತು, ತೊಂದರೆ ಕಮ್ಮಿಯಾಗಲಿಲ್ಲ ಅಂತ ಒಂದೇ ಪ್ಯಾರಾದಲ್ಲಿ ಬಂದು ಕೂತಿದೆ. ‘ಸಮಸ್ಯೆ’, ‘ಲಕ್ಷಣ’ ಅಂತ ಬೇರೆ ಮಾಡಿದೆ. ಇದಕ್ಕೆ ಯಾರ ತಕರಾರೂ ಇರಲಾರದು.

‘ಮರುಕಳಿಸು’ ನನಗೆ ಇಷ್ಟದ ಪದ, ಬಿಡಲು ಮನಸ್ಸಿಲ್ಲ. ಆದರೆ ಅದೊಂದರಲ್ಲೇ ಎರಡನ್ನೂ ತುಂಬಲು ಆಗುವುದಿಲ್ಲ. ಲಕ್ಷಣ ನಿಂತು ಸ್ವಲ್ಪ ದಿನಕ್ಕೇ, ಪೂರ್ತಿ ಚೇತರಿಸಿಕೊಳ್ಳುವ ಮೊದಲೇ, ಅದೇ ಖಿನ್ನತೆ ಮತ್ತೆ ತಲೆ ಎತ್ತಿದರೆ ರಿಲ್ಯಾಪ್ಸ್. ಚೇತರಿಸಿಕೊಂಡು ಬಹಳ ಕಾಲದ ಮೇಲೆ ಹೊಸದಾಗಿ ಬಂದರೆ ರಿಕರೆನ್ಸ್. ಕಬ್ಬಿನ ಊರಿನವರಿಗೆ ಇದು ಹೊಸದಲ್ಲ. ಕಟಾವಾದ ಮೇಲೆ ಅದೇ ಬುಡದಿಂದ ಚಿಗುರಿದ್ದು ಕೂಳೆ, ಉತ್ತು ಮತ್ತೆ ನಾಟಿ ಮಾಡಿದ್ದು ಹೊಸ ಬೆಳೆ. ಕೈಪಿಡಿಯಲ್ಲಿ ಕೂಳೆ ಅಂತ ಬರೆಯಲು ಆಗುವುದಿಲ್ಲ, ಗೊತ್ತು. ರಿಲ್ಯಾಪ್ಸ್‌ಗೆ ‘ಮರುಕಳಿಸಿತು’, ರಿಕರೆನ್ಸ್‌ಗೆ ‘ಹೊಸದಾಗಿ ಬಂತು’ ಅಂತ ಇಟ್ಟಿದ್ದೇನೆ. ರಿಕವರಿಗೆ ‘ಚೇತರಿಕೆ’ ಸಾಕು.

ಈ ಭೇದ ಬೇಕಾ ಅಂತ ಕೇಳುವವರಿಗೆ ಟ್ಯಾಡ್ಸ್‌ನದೇ ಮುಂದಿನ ಲೆಕ್ಕ. ಆ ಮಕ್ಕಳಲ್ಲಿ 196 ಜನರನ್ನು ಐದು ವರ್ಷದವರೆಗೆ ನೋಡಿದರು. 189 ಜನ ಚೇತರಿಸಿಕೊಂಡರು. ಅವರಲ್ಲಿ 88 ಜನಕ್ಕೆ ಖಿನ್ನತೆ ಹೊಸದಾಗಿ ಬಂತು. ಇದನ್ನು ‘88 ಜನಕ್ಕೆ ಮರುಕಳಿಸಿತು’ ಅಂದರೆ ಮೊದಲ ಚಿಕಿತ್ಸೆ ಬುಡ ಕಿತ್ತಿರಲಿಲ್ಲ ಅನ್ನುವ ಅರ್ಥ ಬರುತ್ತದೆ. ‘ಗುಣ ಆಯ್ತು ಅಂದಿದ್ರಲ್ಲ, ಮತ್ತೆ ಯಾಕೆ ಬಂತು?’ ಅಂತ ತಾಯಂದಿರು ಕೇಳುವುದು ಇದೇ ಗೊಂದಲದಿಂದ.

ಇನ್ನೆರಡು ಸಣ್ಣವು. ‘ಗಣನೀಯ ವ್ಯತ್ಯಾಸ’ ಅಂತ ಕರಡಿನ ತುಂಬಾ ಇದೆ. ಸಂಖ್ಯಾಶಾಸ್ತ್ರದವರು ಸಿಗ್ನಿಫಿಕೆಂಟ್ ಅನ್ನುವುದು ದೊಡ್ಡದು ಅನ್ನುವ ಅರ್ಥದಲ್ಲಿ ಅಲ್ಲ. ಸುಮ್ಮನೆ ಅದೃಷ್ಟಕ್ಕೆ ಇಷ್ಟು ವ್ಯತ್ಯಾಸ ಬರುವುದು ಅಪರೂಪ, ಅಷ್ಟೇ. ‘ಕಾಕತಾಳೀಯವಲ್ಲದ ವ್ಯತ್ಯಾಸ’ ಹೇಗೆ? ಸ್ವಲ್ಪ ಉದ್ದ, ಆದರೆ ಯಾರನ್ನೂ ಮೋಸ ಮಾಡುವುದಿಲ್ಲ. ‘ಯಾದೃಚ್ಛಿಕವಾಗಿ ವಿಂಗಡಿಸಿ’ ಅನ್ನುವುದನ್ನು ‘ಚೀಟಿ ಎತ್ತಿದ ಹಾಗೆ ಗುಂಪು ಮಾಡಿ’ ಅಂತ ತಿದ್ದಿದೆ. ಯಾದೃಚ್ಛಿಕ ಬೇಕೇ ಬೇಕು ಅನ್ನುವವರು ಒಮ್ಮೆ ಅದನ್ನು ಜೋರಾಗಿ ಓದಿ ನೋಡಿ.

ನನಗೆ ಬೇಕಾಗಿರುವುದು ಇಷ್ಟು. ‘ಲಕ್ಷಣ ನಿಂತಿದೆ’ ನಿಮ್ಮ ಕಿವಿಗೆ ಒಪ್ಪುತ್ತದಾ? ಧಾರವಾಡ, ಕಲಬುರಗಿ ಕಡೆಯವರು ‘ಆರಾಮ ಆತು’ ಅನ್ನುವುದನ್ನು ಅರ್ಧ ಇಳಿದಾಗಲೂ ಅನ್ನುತ್ತೀರಾ, ಪೂರ್ತಿ ಹೋದ ಮೇಲೆ ಮಾತ್ರವಾ? ಕಾಯಿಲೆ ಹೊಸದಾಗಿ ಬರುವುದಕ್ಕೆ ನಿಮ್ಮ ಕಡೆ ಬೇರೆ ಮಾತಿದ್ದರೆ ಹೇಳಿ. ನಿಘಂಟಿನ ಪುಟ ಬೇಡ, ಅದು ನನ್ನ ಹತ್ತಿರವೇ ಇದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಜನ ಏನಂತಾರೆ ಅನ್ನುವುದು ಬೇಕು.