ಅಪ್‌ಡೇಟ್: ಜೀಪಿನ ಚಾಸಿ ತುಕ್ಕಿನ ಕಥೆ ಏನಾಯ್ತು ಅಂದ್ರೆ

ಹೋದ ತಿಂಗಳು ಅಪ್ಪನ ಹಳೇ ಮಹೀಂದ್ರ ಜೀಪಿನ ಬಗ್ಗೆ ಕೇಳಿದ್ದೆ. ಚಾಸಿಯಲ್ಲಿ, ಅಂದ್ರೆ ಗಾಡಿಯ ಭಾರ ಹೊರುವ ಟೊಳ್ಳು ಕಬ್ಬಿಣದ ಚೌಕಟ್ಟಿನಲ್ಲಿ, ಹಿಂದಿನ ಕಮಾನು ಪಟ್ಟೆ (ಸ್ಪ್ರಿಂಗ್) ಕೂರುವ ಜಾಗ ತೂತಾಗಿದೆ, ಮೇಲೊಂದು ತಗಡು ಹಾಕಿ ವೆಲ್ಡಿಂಗ್ ಮಾಡಿಸಿದರೆ ಸಾಕಾ ಅಂತ. ಸುತ್ತಿಗೆಯಲ್ಲಿ ತಟ್ಟಿ ನೋಡಿ ಎಂದವರಿಗೆ ಮೊದಲು ಥ್ಯಾಂಕ್ಸ್.

ತಟ್ಟಿದೆ. ಗಟ್ಟಿ ಇದ್ದ ಕಡೆ ಠಣ್ ಅಂತು, ಉಳಿದ ಕಡೆ ಬರೀ ಬದ್ ಬದ್. ಅಂಗೈಯಗಲ ಅಂದುಕೊಂಡಿದ್ದ ತುಕ್ಕು ಒಂದೂವರೆ ಅಡಿ ಇತ್ತು! ಹಿಂದೆ ಯಾರೋ ತುಕ್ಕಿನ ಮೇಲೇ ತೇಪೆ ಹಾಕಿದ್ದರು. ನಡುವೆ ಗದ್ದೆ ಕೆಸರು ಸೇರಿ, ತೇವ ಹಿಡಿದು, ಒಳಗಿಂದಲೇ ತಿಂದುಹಾಕಿದೆ.

ಮಂಡ್ಯದಲ್ಲಿ ಇಬ್ಬರು ಆಗಲ್ಲ ಅಂದರು. ಮೈಸೂರಿನ ಬನ್ನಿಮಂಟಪದ ಕಡೆ ಒಬ್ಬ ವಯಸ್ಸಾದ ಮೇಸ್ತ್ರಿ ಒಪ್ಪಿಕೊಂಡರು. "ಆತುರ ಮಾಡಂಗಿಲ್ಲ ಸ್ವಾಮಿ" ಅನ್ನುವುದೊಂದೇ ಷರತ್ತು. ಬ್ಯಾಟರಿ ಬಿಚ್ಚಿ, ಡೀಸೆಲ್ ಟ್ಯಾಂಕ್ ಇಳಿಸಿದರು. ಕತ್ತರಿಸುವ ಮುಂಚೆ ಅಡ್ಡಕ್ಕೆ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಕೊಟ್ಟು ಚಾಸಿ ಅಲುಗದಂತೆ ಬಿಗಿ ಮಾಡಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಬರೆದಿಟ್ಟರು. ಹೊಸ ತುಂಡನ್ನು ಓರೆಯಾಗಿ ಕತ್ತರಿಸಿ ಸೇರಿಸಿದರು. ಓರೆ ಇದ್ದರೆ ಭಾರವೆಲ್ಲ ಒಂದೇ ಗೆರೆ ಮೇಲೆ ಬೀಳಲ್ಲ. ವೆಲ್ಡಿಂಗೂ ಒಂದೇ ಉಸಿರಿಗಲ್ಲ. ಅಲ್ಲೊಂದು ಇಂಚು, ಇಲ್ಲೊಂದು ಇಂಚು, ನಡುವೆ ಬೀಡಿ. ಬಿಸಿಗೆ ಸೊಟ್ಟ ಆಗಬಾರದಲ್ವಾ. ಕೊನೆಗೆ ಅಳತೆಯಲ್ಲಿ ಬಂದ ವ್ಯತ್ಯಾಸ 2 ಮಿ.ಮೀ. ಅಷ್ಟೇ.

ಮತ್ತೆ ತುಕ್ಕು ಹಿಡಿಯದಿರಲಿ ಅಂತ ಹೊರಗೆ ಜಿಂಕ್ ಪ್ರೈಮರ್, ಒಳಗೆ ಮೇಣದ ಸ್ಪ್ರೇ. ನೀರಿಳಿಯುವ ತೂತುಗಳನ್ನು ಮಾತ್ರ ಮುಚ್ಚಿಲ್ಲ.

ಖರ್ಚು ಕೇಳಬೇಡಿ. ಮನೆಯಲ್ಲಿ ಹೇಳಿರುವುದು ಅರ್ಧ ಲೆಕ್ಕ.